ಮೇರಿ ಟೌನ್ಲಿ ಲೂಪ್: ಕುದುರೆಯ ಮೇಲೆ ಈ ಸುತ್ತು ಹೊರಡುವವರಿಗೆ

76 ಕಿಲೋಮೀಟರ್ ತಾನೇ, ಎರಡು ದಿನ ಸಾಕು ಅಂತ ಲೆಕ್ಕ ಹಾಕಬೇಡಿ. ಇಂಗ್ಲೆಂಡಿನ ಸೌತ್ ಪೆನೈನ್ಸ್ ಗುಡ್ಡಗಳಲ್ಲಿ, ಲ್ಯಾಂಕಾಶೈರ್ ಮತ್ತು ಯಾರ್ಕ್‌ಶೈರ್ ಗಡಿಯ ಆಚೀಚೆ ಸುತ್ತುವ ಈ ದಾರಿಯಲ್ಲಿ ಕಡಿದಾದ ಇಳಿಜಾರು, ನುಣುಪು ಕಲ್ಲು, ಲೆಕ್ಕವಿಲ್ಲದ ಗೇಟುಗಳು ಸೇರಿ ಹೊತ್ತು ತಿನ್ನುತ್ತವೆ. ಗಂಟೆಗೆ ಐದು ಕಿಲೋಮೀಟರ್ ಸಾಗಿದರೆ ಹೆಚ್ಚು. ಮೂರು ದಿನ ಇಟ್ಟುಕೊಳ್ಳಿ.

ಲೇಡಿ ಮೇರಿ ಟೌನ್ಲಿ 1986ರಲ್ಲಿ ಕಾರ್‌ಬ್ರಿಜ್‌ನಿಂದ ಆಶ್‌ಬೋರ್ನ್‌ವರೆಗೆ ಸುಮಾರು 400 ಕಿಲೋಮೀಟರ್ ಸವಾರಿ ಮಾಡಿ, ಹಳೆಯ ಕುದುರೆ ದಾರಿಗಳು ಹಾಳುಬಿದ್ದಿರುವುದನ್ನು ಎತ್ತಿ ತೋರಿಸಿದರು. ಅವರ ಹೆಸರಿನ ಈ ಸುತ್ತು 2002ರಲ್ಲಿ ತೆರೆಯಿತು. ಇದರ ಬಹುಭಾಗ ಉಣ್ಣೆ, ಬಟ್ಟೆ, ಸುಣ್ಣ ಹೊತ್ತ ಕುದುರೆಗಳ ಸಾಲು ನಡೆದ ದಾರಿ. ಕಣಿವೆಯಲ್ಲಿ ಜೌಗು, ಕಾಡು ಇದ್ದುದರಿಂದ ಆ ಕಾಲದವರು ಗುಡ್ಡದ ಮೇಲೇ ಸಾಗಿದರು. ಗಾಳಿಗೆ ಮರೆ ಸಿಗದಿರುವುದಕ್ಕೂ ಅದೇ ಕಾರಣ. ಮ್ಯಾಂಕಿನ್‌ಹೋಲ್ಸ್ ಊರಿನಲ್ಲಿ ಆ ಕುದುರೆಗಳಿಗೆಂದು ಇಟ್ಟ ಕಲ್ಲಿನ ನೀರುತೊಟ್ಟಿಗಳು ಇಂದಿಗೂ ಸಾಲಾಗಿವೆ.

ಹೆಚ್ಚು ಎಚ್ಚರ ಬೇಕಾದದ್ದು ಕಲ್ಲುಹಾಸಿನ ಮೇಲೆ. ರೂಲಿ ಮೂರ್ ರೋಡಿನ ಹಾಸುಗಲ್ಲುಗಳನ್ನು ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬಾರದೆ ಕೆಲಸ ಕಳೆದುಕೊಂಡ ಗಿರಣಿ ಕಾರ್ಮಿಕರು 1860ರ ದಶಕದಲ್ಲಿ ಹಾಕಿದ್ದು. ಸವೆದ ಕಲ್ಲಿನ ಮೇಲೆ ಮಳೆ ಬಿದ್ದರೆ ಕಬ್ಬಿಣದ ಲಾಳಕ್ಕೆ ಹಿಡಿತವೇ ಇರುವುದಿಲ್ಲ. ಇಳಿಯುವಾಗ ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ, ಹಿಂಗಾಲು ಜಾರಿತೆಂದರೆ ಕುದುರೆ ಕುಳಿತೇಬಿಡುತ್ತದೆ. ಅಂಥ ಕಡೆ ಇಳಿದು, ಲಗಾಮನ್ನು ತಲೆಯ ಮೇಲಿಂದ ಮುಂದಕ್ಕೆ ತಂದು, ಕುದುರೆಯ ಭುಜದ ಪಕ್ಕದಲ್ಲಿ ನಡೆಯಿರಿ. ನೇರ ಮುಂದೆ ನಡೆದರೆ ಅದು ಜಾರಿದಾಗ ನಿಮ್ಮ ಮೇಲೇ ಬರುತ್ತದೆ. ಅಂಚಿನ ಹುಲ್ಲು ಸಿಕ್ಕರೆ ಅದೇ ಒಳ್ಳೆಯದು, ಆದರೆ ಹುಲ್ಲಿನಡಿ ಮುಚ್ಚಿಹೋದ ಚರಂಡಿ ಇದೆಯೇ ನೋಡಿ. ಲಾಳವನ್ನು ಹೊರಡುವ ಒಂದು ವಾರ ಮೊದಲೇ ಕಟ್ಟಿಸಿ. ಮೊಳೆ ಗೊರಸಿನ ಜೀವಭಾಗಕ್ಕೆ ತಾಗಿದ್ದರೆ ಕುಂಟು ಮನೆಯಲ್ಲೇ ಗೊತ್ತಾಗುತ್ತದೆ.

ಗೇಟುಗಳಲ್ಲಿ ಕುದುರೆಯನ್ನು ಗೇಟಿಗೆ ಸಮಾನಾಂತರವಾಗಿ ನಿಲ್ಲಿಸಿ, ಚಿಲಕ ಕೈಗೆಟುಕುವಂತೆ. ತಾನಾಗಿ ಮುಚ್ಚುವ ಗೇಟನ್ನು ಕೈ ಬಿಟ್ಟರೆ ಕುದುರೆಯ ಹಿಂಭಾಗಕ್ಕೆ ಬಡಿಯುತ್ತದೆ. ಒಮ್ಮೆ ಪೆಟ್ಟು ತಿಂದ ಕುದುರೆ ಮುಂದಿನ ಗೇಟಿನಲ್ಲಿ ನಿಲ್ಲುವುದಿಲ್ಲ. ಜೊತೆಗಾರರು ದಾಟಿದವರೇ ಮುಂದೆ ಹೋಗಬಾರದು. ಗೇಟಿನಾಚೆ ಒಂಟಿಯಾದ ಕುದುರೆ ಗಾಬರಿಗೆ ಬೀಳುತ್ತದೆ.

ಇನ್ನು ವಸತಿ. ‘ಕುದುರೆಗೂ ಜಾಗವಿದೆ’ ಎಂಬ ಮಾತು ನಂಬಿ ಮುಂಗಡ ಕೊಡಬೇಡಿ. ಅಂಥ ಒಂದು ಕಡೆ ರೂಮಿಗೆ ಸಿಕ್ಕಾಪಟ್ಟೆ ಬಾಡಿಗೆ ತೆಗೆದುಕೊಂಡು, ಕುದುರೆಗೆ ತೋರಿಸಿದ್ದು ಕೆಸರಿನ ಮೂಲೆ: ಬೇಲಿಯ ತಂತಿ ಸಡಿಲ, ನೀರು ಅಂಗಳದಾಚೆ, ಒಣಹುಲ್ಲಿಗೆ ಬೇರೆ ಬಿಲ್ಲು. ಬೇಲಿ ಯಾವುದು, ಬೇರೆ ಕುದುರೆಗಳೂ ಅದೇ ಹುಲ್ಲುಗಾವಲಿನಲ್ಲಿವೆಯೇ, ಜೀನು ಒಣಗಿಸಲು ಎಲ್ಲಿ ಜಾಗ, ಟ್ರೇಲರ್ ಮೂರು ದಿನ ನಿಲ್ಲಿಸಬಹುದೇ ಎಂದು ಫೋನಿನಲ್ಲೇ ಕೇಳಿ. ಸಾದಾ ಫಾರ್ಮ್ ಮನೆಗಳೇ ಎಷ್ಟೋ ವಾಸಿ. ಗಟ್ಟಿ ಗೋಡೆಯ ಲಾಯ, ಮಂಡಿಯುದ್ದ ಒಣ ಹಾಸು, ಮನೆಯವರೇ ಕುದಿಸಿಕೊಡುವ ಬಟಾಣಿ ಸೂಪು, ದಪ್ಪ ಬ್ರೆಡ್ಡು, ದೊಡ್ಡ ಕೆಟಲ್ ತುಂಬ ಚಹಾ, ಎಲ್ಲ ಸೇರಿ ಆ ರೂಮಿನ ಬಾಡಿಗೆಯ ಅರ್ಧಕ್ಕೂ ಕಡಿಮೆ. ಬೆಳಿಗ್ಗೆ ನೀವು ಎದ್ದು ಬರುವಷ್ಟರಲ್ಲಿ ಕುದುರೆಯ ಮುಂದೆ ಹುಲ್ಲು ಬಿದ್ದಿರುತ್ತದೆ. ಕುದುರೆಯನ್ನು ಅರಿತವರ ಮನೆ ಎನ್ನುವುದಕ್ಕೆ ಇಷ್ಟು ಸಾಕು. ಆದರೆ ದಾಣಿ ನಿಮ್ಮದೇ ಇರಲಿ, ಮೊದಲೇ ಕಾರಿನಲ್ಲಿ ತಲುಪಿಸಿ. ಮೇವು ಏಕಾಏಕಿ ಬದಲಾದರೆ ಹೊಟ್ಟೆಶೂಲೆ ಬರುತ್ತದೆ.

ಶನಿವಾರ, ಭಾನುವಾರ ಬಿಡಿ. ಬ್ರಿಡಲ್‌ವೇಗಳಲ್ಲಿ, ಅಂದರೆ ಕುದುರೆ ಸವಾರರಿಗೆ ತೆರೆದ ಇಂಥ ದಾರಿಗಳಲ್ಲಿ, ಸೈಕಲ್‌ನವರಿಗೂ ಹಕ್ಕಿದೆ. ಸವಾರರಿಗೆ ದಾರಿ ಬಿಡಬೇಕೆಂಬ ನಿಯಮವಿದ್ದರೂ ಇಳಿಜಾರಿನ ತಿರುವಿನಲ್ಲಿ ಅವರು ಕಾಣುವಷ್ಟರಲ್ಲಿ ಪಕ್ಕದಲ್ಲೇ ಇರುತ್ತಾರೆ. ಗಾಳಿಯಂತ್ರ ಕಂಡರಿಯದ ಕುದುರೆಯನ್ನು ಬಿಸಿಲಿರುವಾಗ ಸ್ಕೌಟ್ ಮೂರ್ ಕಡೆ ಜಾಗ್ರತೆಯಾಗಿ ನಡೆಸಿ. ರೆಕ್ಕೆಗಿಂತ ನೆಲದ ಮೇಲೆ ಓಡುವ ನೆರಳಿಗೆ ಅದು ಹೆಚ್ಚು ಬೆದರುತ್ತದೆ.

ಹೆಬ್ಡನ್ ಬ್ರಿಡ್ಜ್, ಟಾಡ್‌ಮಾರ್ಡನ್ ನಡುವಿನ ಎ646 ರಸ್ತೆ ದಾಟಲು ಬೆಳಗಿನ ದಟ್ಟಣೆ ಕಳೆಯಲಿ. ಕುದುರೆಯನ್ನು ಗಂಟೆಗೆ 16 ಕಿಲೋಮೀಟರಿಗಿಂತ ನಿಧಾನವಾಗಿ, ಕನಿಷ್ಠ ಎರಡು ಮೀಟರ್ ಬಿಟ್ಟು ದಾಟಬೇಕೆಂದು ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್ 2022ರಿಂದ ವಾಹನದವರಿಗೆ ಹೇಳುತ್ತದೆ. ಆದರೂ ಮಿನುಗುವ ಹಳದಿ ಜಾಕೆಟ್ ತೊಡಿ. ದಾರಿಗುರುತು ಓಕ್ ಬೀಜದ ಚಿಹ್ನೆ. ಮಂಜು ಕವಿದರೆ ಅದೂ ಕಾಣುವುದಿಲ್ಲ, ಆದ್ದರಿಂದ ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಒಎಲ್21 ನಕ್ಷೆ, ದಿಕ್ಸೂಚಿ ಎರಡೂ ಜೇಬಿನಲ್ಲಿರಲಿ, ಜೀನಿನ ಚೀಲದಲ್ಲಿ ಬೇಡ: ಕುದುರೆ ತಪ್ಪಿಸಿಕೊಂಡರೆ ಚೀಲವೂ ಅದರ ಜೊತೆಗೇ ಹೋಗುತ್ತದೆ.