ಮೇಷ್ಟ್ರಿಗೊಂದು ಉಂಗುರ

ಸುಮಾರು 4000 ವರ್ಷ ಹಳೆಯ ಸುಮೇರಿಯನ್ (ಈಗಿನ ದಕ್ಷಿಣ ಇರಾಕಿನ ಪ್ರಾಚೀನ ನಾಡು ಸುಮೇರ್‌ನ) ಶಾಲಾ ಹುಡುಗನ ಕಥೆಯೊಂದು ಓದಿದಾಗಿನಿಂದ ತಲೆಯಲ್ಲೇ ಕೂತಿದೆ. ಅಮ್ಮನ ಹತ್ತಿರ ಎರಡು ರೊಟ್ಟಿ ಇಸ್ಕೊಂಡು ಶಾಲೆಗೆ ಓಡುತ್ತಾನೆ. ತಡವಾಗಿದೆ, ಎದೆ ಡವಡವ. ಆಮೇಲೆ ಏಟೇ ಏಟು. ಮಾತಾಡಿದ್ದಕ್ಕೆ, ಎದ್ದು ನಿಂತಿದ್ದಕ್ಕೆ, ಗೇಟು ದಾಟಿದ್ದಕ್ಕೆ, ಅಕ್ಷರ ಸೊಟ್ಟಗಾದದ್ದಕ್ಕೆ. ಸುಮೇರಿಯನ್ ಭಾಷೆ ಮಾತಾಡದ್ದಕ್ಕೂ ಒಂದು ಬೀಳುತ್ತದೆ! ಆ ಹೊತ್ತಿಗಾಗಲೇ ಮನೆಗಳಲ್ಲಿ ಅಕ್ಕಾಡಿಯನ್ ಭಾಷೆಯೇ ಜಾಸ್ತಿ. ನಮ್ಮ ಕಾನ್ವೆಂಟುಗಳಲ್ಲಿ ಕನ್ನಡ ಆಡಿದರೆ ಫೈನ್ ಹಾಕುತ್ತಿದ್ದರಲ್ಲ, ಅದರ ಮುತ್ತಜ್ಜ ಇದು.

ಕೊನೆಗೆ ಹುಡುಗನೇ ಉಪಾಯ ಹೇಳುತ್ತಾನೆ: ಅಪ್ಪಾ, ಮೇಷ್ಟ್ರನ್ನು ಮನೆಗೆ ಕರೆಯೋಣ. ಕರೆದು, ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಊಟ ಹಾಕಿ, ಹೊಸ ಬಟ್ಟೆ ಉಡಿಸಿ, ಕೈಗೆ ಉಂಗುರ ತೊಡಿಸುತ್ತಾರೆ. ಅಷ್ಟೇ, ಮೇಷ್ಟ್ರ ಬಾಯಲ್ಲಿ ಹೊಗಳಿಕೆಯ ಸುರಿಮಳೆ.

ತಮಾಷೆ ಅಂದ್ರೆ, ಈ ಕಥೆಯನ್ನು ಮಕ್ಕಳೇ ಜೇಡಿಮಣ್ಣಿನ ಹಲಗೆ ಮೇಲೆ ಕಾಪಿ ಬರೆಯಬೇಕಿತ್ತು. ಸುಮೇರ್‌ನ ನಿಪ್ಪುರ್ ಪಟ್ಟಣದಲ್ಲಿ ಶಾಲೆಯಾಗಿದ್ದ ಒಂದೇ ಮನೆಯಲ್ಲಿ ಸಾವಿರಕ್ಕೂ ಹೆಚ್ಚು ಹಲಗೆ, ಚೂರುಗಳು ಸಿಕ್ಕಿವೆ. ಬರೆದು ಮುಗಿದ ಹಲಗೆಯನ್ನು ನೆನೆಸಿ ಮತ್ತೆ ಮುದ್ದೆ ಮಾಡಲು ಅಲ್ಲೇ ತೊಟ್ಟಿಯೂ ಇತ್ತು.

ಬರೆಸುತ್ತಿದ್ದವರೂ ಮೇಷ್ಟ್ರೇ ಅಲ್ವಾ? ಉಂಗುರದ ಸಾಲು ಬಂದಾಗ ದನಿ ಸ್ವಲ್ಪ ಜೋರಾಗುತ್ತಿತ್ತೇನೋ.