ಬೆನ್‌ಹರ್ ರಥಗಳು: ಗಾಲಿ ಮುಗಿಯಿತು, ಕುದುರೆ ಬಾಕಿ

ಎರಡೂ ರಥಗಳ ಗಾಲಿಗಳು ಅಂತೂ ಇರಸಿಗೆ ಕೂತವು. ಹೊಸದಾಗಿ ಓದುವವರಿಗೆ: 1959ರ ‘ಬೆನ್‌ಹರ್’ ಚಿತ್ರದ ರಥದ ಓಟವನ್ನು 1:24ರ ಅಳತೆಯಲ್ಲಿ ಮಾಡುತ್ತಿದ್ದೇನೆ. ನಿಂತ ಮನುಷ್ಯ ಏಳೂವರೆ ಸೆಂಟಿಮೀಟರ್. ಇಡೀ ಅಖಾಡ ಕಟ್ಟುವ ಮಾತೇ ಇಲ್ಲ. ರೋಮ್‌ನ ಚಿನೆಚಿತ್ತಾ ಸ್ಟುಡಿಯೋದಲ್ಲಿ ಅದು 18 ಎಕರೆ ಹಿಡಿದಿತ್ತು. ಈ ಅಳತೆಗೆ ಇಳಿಸಿದರೂ 30x40 ಅಡಿಯ ಒಂದು ಸೈಟು ಸಾಲದು. ನಾಯಕ ಜೂಡಾ, ಅವನ ಎದುರಾಳಿ ಮೆಸ್ಸಾಲಾ ಪಕ್ಕಪಕ್ಕ ನುಗ್ಗುವ ಒಂದು ಗಳಿಗೆ ಸಾಕು. ಇದನ್ನೆಲ್ಲ ಕೂರಿಸುವ ಪೆಟ್ಟಿಗೆಯ ಮುಂಭಾಗ 69 ಸೆಂಟಿಮೀಟರ್ ಅಗಲ, 25 ಎತ್ತರ. ಚಿತ್ರದ ಪರದೆಯದೂ ಇದೇ ಅನುಪಾತ, 2.76:1.

ಗಾಲಿಯ ಸುತ್ತು ಬಾಲ್ಸಾ ಮರದ್ದು. ಅರಗಳಿಗೆ ಅಗರಬತ್ತಿ ಉರಿದು ಉಳಿದ ಬಿದಿರು ಕಡ್ಡಿ. ಹೆಚ್ಚು ಹೊತ್ತು ಹಿಡಿದದ್ದು ಮೆಸ್ಸಾಲಾನ ಗಾಲಿಯ ನಡುವಿನ ಗುಂಬ. ಎದುರಾಳಿಯ ಅರಗಳನ್ನು ಅರೆದುಹಾಕುವ ಆ ಅಲಗು ಇದೆಯಲ್ಲ, ಅದಕ್ಕೆ ಕೂಲ್‌ಡ್ರಿಂಕ್ ಕ್ಯಾನಿನ ತಗಡಿನಲ್ಲಿ ಹಲ್ಲು ಕತ್ತರಿಸಿ, ಎಂಸೀಲ್‌ನಲ್ಲಿ ಮಾಡಿದ ಮೊನೆಯ ಸುತ್ತ ಸುರುಳಿಯಾಗಿ ಒತ್ತಿದೆ. ಒಣಗಿದ ಮೇಲೆ ಉಪ್ಪುಕಾಗದ, ಆಮೇಲೆ ಕಂಚಿನ ಬಣ್ಣ.

ಗೆಳೆಯರೊಬ್ಬರು ಕೇಳಿದರು, ಇತಿಹಾಸದ ಪ್ರಕಾರ ಇಂಥ ರಥ ಸರಿಯೇ ಅಂತ. ಖಂಡಿತ ಅಲ್ಲ. ರೋಮನ್ನರ ಓಟದ ರಥ ಮರ, ತೊಗಲುಗಳ ಹಗುರ ಚೌಕಟ್ಟು. ಸಾರಥಿ ಲಗಾಮನ್ನು ಸೊಂಟಕ್ಕೆ ಸುತ್ತಿಕೊಂಡು, ಬಿದ್ದರೆ ಅದನ್ನು ಕೊಯ್ದು ಬಿಡಿಸಿಕೊಳ್ಳಲು ಚಾಕು ಇಟ್ಟುಕೊಳ್ಳುತ್ತಿದ್ದ. ಚಿತ್ರದಲ್ಲಿರುವುದು ವಿಜಯೋತ್ಸವದ ಮೆರವಣಿಗೆಗೆ ಹೊಂದುವ ಭಾರದ ರಥ. ಆದರೂ ನನಗೆ ಚಿತ್ರದ್ದೇ ಬೇಕು. ಹಗುರ ರಥ ಮುರಿದರೆ ಕಣ್ಣಿಗೆ ಕಡ್ಡಿ ಮುರಿದಷ್ಟೇ. ಇದು ಮುರಿದರೆ ನೋಡುವವನ ಎದೆ ಧಸಕ್ಕೆನ್ನಬೇಕು. ನಿರ್ದೇಶಕ ವೈಲರ್ ತಂಡಕ್ಕೆ ಅದು ಗೊತ್ತಿತ್ತು.

ರಥದ ಮುಂಭಾಗದ ಅಂಚಿನ ಎತ್ತರವನ್ನು ತೆಗೆದುಕೊಂಡದ್ದು ಪ್ರಸಿದ್ಧ ಶಾಟೊಂದನ್ನು ನಿಲ್ಲಿಸಿ ನೋಡಿ. ಮುರಿದ ರಥದ ಮೇಲೆ ಜೂಡಾನ ರಥ ಹಾರುತ್ತದೆ, ಅವನು ಮುಂದಕ್ಕೆ ಎಗರುತ್ತಾನೆ. ಅಲ್ಲಿ ಜೂಡಾ ಪಾತ್ರದ ನಟ ಚಾರ್ಲ್‌ಟನ್ ಹೆಸ್ಟನ್ ಬದಲು ಇದ್ದವನು ಸಾಹಸ ಕಲಾವಿದ ಜೋ ಕನುಟ್. ಎಗರಿದ್ದು ಯೋಜನೆಯಲ್ಲಿರಲಿಲ್ಲ, ಗದ್ದಕ್ಕೆ ಗಾಯವಾಯಿತು. ಓಟದ ಸಾಹಸಗಳನ್ನು ನೋಡಿಕೊಳ್ಳುತ್ತಿದ್ದದ್ದು ಅವನ ಅಪ್ಪ ಯಕಿಮಾ ಕನುಟ್. ಆ ತುಣುಕನ್ನು ಎಸೆಯದೆ, ಹೆಸ್ಟನ್ ಮತ್ತೆ ರಥ ಹತ್ತುವ ಶಾಟ್ ಜೋಡಿಸಿದರು. ಓಟದ ಚಿತ್ರೀಕರಣದಲ್ಲಿ ಒಬ್ಬ ಸತ್ತೇಹೋದ ಎಂಬ ಕಥೆ ಇವತ್ತಿಗೂ ಓಡಾಡುತ್ತಿದೆ, ಅದು ಸುಳ್ಳು.

ಕೆಲಸದ ಹೊತ್ತಿಗೆ ಈ ದೃಶ್ಯವನ್ನೇ ಹಾಕಿಕೊಂಡಿರುತ್ತೇನೆ. ಓಟಕ್ಕೆ ಮುಂಚಿನ ಮೆರವಣಿಗೆಗೆ ಕಹಳೆ ಮೊಳಗಿಸಿದ ಸಂಗೀತ ಸಂಯೋಜಕ ಮಿಕ್ಲೋಸ್ ರೋಜಾ ಓಟ ಶುರುವಾದೊಡನೆ ಸುಮ್ಮನಾಗುತ್ತಾರೆ. ಗೊರಸು, ಗಾಲಿ, ಜನರ ಕೂಗು, ಇಷ್ಟೇ.

ಈಗ ಕುದುರೆಗಳು. ರಥಕ್ಕೆ ನಾಲ್ಕರಂತೆ ಎಂಟು. ಪ್ಲಾಸ್ಟಿಕ್ ಆಟಿಕೆ ಕುದುರೆಗಳ ಕಾಲು ಕತ್ತರಿಸಿ, ಒಳಗೆ ತಂತಿ ಕೊಟ್ಟು ಓಟದ ಭಂಗಿಗೆ ತಿರುಗಿಸಬೇಕು. ಜೂಡಾನ ಬಿಳಿ ಕುದುರೆಗಳಿಗೆ ನಕ್ಷತ್ರಗಳ ಹೆಸರು. ಅವುಗಳಲ್ಲಿ ಆಂಟಾರೆಸ್ ತಿರುವಿನಲ್ಲಿ ಉಳಿದವನ್ನು ಹಿಡಿದಿಡುವ ನಿಧಾನಸ್ಥ, ಒಳಬದಿಗೆ ಅವನೇ. ಓಟ ಅಪ್ರದಕ್ಷಿಣವಾದ್ದರಿಂದ ಒಳಬದಿ ಅಂದರೆ ಎಡ. ಅವನ ಕತ್ತನ್ನು ಕೊಂಚ ಒಳಕ್ಕೆ ಬಾಗಿಸುತ್ತೇನೆ. ಜೂಡಾ ಚಾವಟಿ ಹಿಡಿಯುವುದಿಲ್ಲ, ಮೆಸ್ಸಾಲಾ ಹಿಡಿಯುತ್ತಾನೆ. ಬೊಂಬೆಗಳ ಕೈ ಮಾಡುವಾಗ ಇದು ನೆನಪಿರಬೇಕು.

ನೆಲಕ್ಕೆ ಚಿರೋಟಿ ರವೆ ಚೆನ್ನಾಗಿ ಕಾಣುತ್ತಿತ್ತು, ಆದರೆ ಇರುವೆ ಬಿಡುವುದಿಲ್ಲ. ಜರಡಿ ಹಿಡಿದ ಮರಳನ್ನೇ ಫೆವಿಕಾಲ್ ಮೇಲೆ ಉದುರಿಸುವುದೆಂದು ನಿರ್ಧರಿಸಿದ್ದೇನೆ. ಅದಕ್ಕೂ ಮುಂಚೆ ಮೆಸ್ಸಾಲಾನ ನಾಲ್ಕಕ್ಕೂ ಕಪ್ಪು ಬಳಿಯಬೇಕು. ಹೊಳೆಯದ ಕಪ್ಪು ಇಲ್ಲಿ ಸಿಗುತ್ತಿಲ್ಲ, ಯಾರಿಗಾದರೂ ಗೊತ್ತಿದ್ದರೆ ಹೇಳಿ.