ವರ್ಷಕ್ಕೊಂದೇ ಟ್ರಾವೆಲ್ ಇನ್ಶೂರೆನ್ಸ್ ಸಾಕಾ? ಮೊದಲು ದಿನ ಎಣಿಸಿ

ವಿದೇಶಕ್ಕೆ ಆಗಾಗ ಹೋಗಿ ಬರುವವರಿಗೆ ವರ್ಷಪೂರ್ತಿ ನಡೆಯುವ ಒಂದೇ ಟ್ರಾವೆಲ್ ಇನ್ಶೂರೆನ್ಸ್ ಸಿಗುತ್ತದೆ. ಆನ್ಯುಯಲ್ ಮಲ್ಟಿ ಟ್ರಿಪ್ ಅನ್ನುತ್ತಾರೆ. ಒಂದು ಸಲ ಪ್ರೀಮಿಯಂ ಕಟ್ಟಿದರೆ ಆ ವರ್ಷದಲ್ಲಿ ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. ಪೀಣ್ಯದಲ್ಲಿ ನಾನೂ ನನ್ನ ತಮ್ಮನೂ ಸೇರಿ ನಡೆಸುವ ಸಣ್ಣ ಕಾರ್ಖಾನೆಗೆ ಇದು ಬೇಕೇ ಬೇಕು. ಏಪ್ರಿಲ್ ಬಂತು ಅಂದರೆ ಅವನು ಜರ್ಮನಿಯ ಹ್ಯಾನೋವರ್ ಮೆಸ್ಸೆ ಅನ್ನುವ ಕೈಗಾರಿಕಾ ಮೇಳಕ್ಕೆ ಹೊರಡುತ್ತಾನೆ, ಆಮೇಲೆ ಗಿರಾಕಿಗಳನ್ನು ನೋಡಲು ಬ್ಯಾಂಕಾಕ್, ಹೋ ಚಿ ಮಿನ್ ಸಿಟಿ ಅಂತ ಓಡಾಟ, ಅದರ ಮೇಲೆ ಹೆಂಡತಿ ಮಕ್ಕಳ ಜೊತೆ ಒಂದು ಸುತ್ತು. ಟಿಕೆಟ್, ವೀಸಾ, ಇನ್ಶೂರೆನ್ಸ್ ಎಲ್ಲ ನನ್ನ ತಲೆಗೆ. ಈ ಸುದ್ದಿ ನೆಂಟರಿಗೆಲ್ಲ ಗೊತ್ತಾಗಿ, ಈಗ ಯಾರು ಹೊರಟರೂ ನನಗೊಂದು ಫೋನ್ ಬರುತ್ತದೆ. ಪ್ರಶ್ನೆ ಒಂದೇ: "ಯಾವ ಕಂಪನಿದು ಚೀಪು?"

ನಾನು ತಿರುಗಿ ಕೇಳುವುದೂ ಒಂದೇ. ಒಂದು ಸಲ ಹೋದರೆ ಎಷ್ಟು ದಿನ ಇರುತ್ತೀರಿ?

ಮಲ್ಟಿ ಟ್ರಿಪ್ ಪಾಲಿಸಿ ನಿಂತಿರುವುದೇ ಅದರ ಮೇಲೆ. ವರ್ಷವಿಡೀ ಕವರ್ ಅಂದರೆ 365 ದಿನವೂ ಹೊರಗೇ ಇರಬಹುದು ಅಂತಲ್ಲ. ಒಂದೊಂದು ಪ್ರವಾಸಕ್ಕೂ ಇಂತಿಷ್ಟು ದಿನ ಅಂತ ಮಿತಿ ಇರುತ್ತದೆ, ಸಾಮಾನ್ಯವಾಗಿ 30, 45 ಅಥವಾ 60 ದಿನ. ಕೊಳ್ಳುವಾಗಲೇ ಒಂದನ್ನು ಆರಿಸಬೇಕು. 30 ದಿನದ್ದು ತಗೊಂಡು 34 ದಿನ ಉಳಿದರೆ ಕೊನೆಯ ನಾಲ್ಕು ದಿನ ಇನ್ಶೂರೆನ್ಸ್ ಇಲ್ಲದೇ ಓಡಾಡಿದಂತೆಯೇ ಲೆಕ್ಕ. ಒಮ್ಮೆ ಭಾರತಕ್ಕೆ ವಾಪಸ್ ಬಂದು ಮತ್ತೆ ಹೊರಟರೆ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ.

ಹಾಗಾಗಿ ಮಗಳ ಬಾಣಂತನಕ್ಕೆ ಅಂತ ಡಲ್ಲಾಸ್‌ಗೋ ಸ್ಯಾನ್ ಹೊಸೆಗೋ ಹೋಗಿ ಐದಾರು ತಿಂಗಳು ಇರುವ ಜಯನಗರ, ಮಲ್ಲೇಶ್ವರದ ಅಪ್ಪ ಅಮ್ಮಂದಿರಿಗೆ ಇದು ಸುತರಾಂ ಬೇಡ. ಅವರು ವರ್ಷಕ್ಕೆ ಹೋಗುವುದೇ ಒಂದು ಸಲ, ಇರುವುದು ಮಾತ್ರ ಜಾಸ್ತಿ ದಿನ. ಅವರು ನೋಡಬೇಕಾದ್ದು 180 ದಿನದವರೆಗೆ ಸಿಗುವ ಸಿಂಗಲ್ ಟ್ರಿಪ್ ಪಾಲಿಸಿ. ಇದನ್ನು ಬಿಡಿಸಿ ಹೇಳದೇ "ವರ್ಷದ್ದು ಒಳ್ಳೇದು ಆಂಟಿ" ಅಂತ ಮಾರಿ ಕೈ ತೊಳೆದುಕೊಳ್ಳುವ ಏಜೆಂಟರೂ ಇದ್ದಾರೆ.

ಇನ್ನು ದುಡ್ಡಿನ ಲೆಕ್ಕ. ಬಿಎಂಟಿಸಿ ಪಾಸ್ ಇದ್ದ ಹಾಗೆ ಇದು. ದಿನಾ ಓಡಾಡುವವರಿಗೆ ಲಾಭ, ವಾರಕ್ಕೊಂದು ಸಲ ಬಸ್ ಹತ್ತುವವರಿಗೆ ಟಿಕೆಟೇ ವಾಸಿ. ವಯಸ್ಸು, ದೇಶ, ಕವರ್ ಮೊತ್ತ ನೋಡಿ ಬೆಲೆ ಬದಲಾಗುತ್ತದೆ, ಆದರೂ ಲೆಕ್ಕ ಹಾಕುವ ರೀತಿ ಗೊತ್ತಾಗಲಿ ಅಂತ ಸುಮ್ನೆ ಹೀಗೆ ಇಟ್ಟುಕೊಳ್ಳಿ: ಒಂದು ವಾರದ ಥಾಯ್ಲೆಂಡ್‌ಗೆ ₹500, ಹತ್ತು ದಿನದ ಯುರೋಪಿಗೆ ₹1,200, ವರ್ಷದ ಪಾಲಿಸಿಗೆ ₹5,000. ಬೇಸಿಗೆ ರಜೆಗೆ ಒಂದು ಯುರೋಪ್, ದಸರಾ ರಜೆಗೆ ಒಂದು ಥಾಯ್ಲೆಂಡ್ ಅಂದರೆ ಬಿಡಿಬಿಡಿಯಾಗಿ ₹1,700ರಲ್ಲಿ ಮುಗಿಯುತ್ತದೆ. ವರ್ಷದ್ದು ಯಾಕೆ ಬೇಕು? ಅದೇ ತಮ್ಮನ ಹಾಗೆ ತಿಂಗಳು ಬಿಟ್ಟು ತಿಂಗಳು ಸೂಟ್‌ಕೇಸ್ ಕಟ್ಟುವವನಾದರೆ, ಅದರ ನಡುವೆ ಒಂದೆರಡು ಸಲ ಅಮೆರಿಕಕ್ಕೂ ಹೋಗಬೇಕಾದರೆ, ಲೆಕ್ಕ ಪೂರ್ತಿ ತಿರುಗಿಬಿಡುತ್ತದೆ. ಯಾಕೆಂದರೆ ಅಮೆರಿಕದ ಬಿಡಿ ಪಾಲಿಸಿ ಯಾವಾಗಲೂ ದುಬಾರಿ. ಆಸ್ಪತ್ರೆ ಬಿಲ್ ಅಲ್ಲಿ ಹಾಗಿದೆ.

ಇದೇ ಕಾರಣಕ್ಕೆ ಪಾಲಿಸಿಗಳಲ್ಲಿ ಪ್ರಪಂಚವನ್ನು ಹೋಳು ಮಾಡಿ ಇಟ್ಟಿರುತ್ತಾರೆ. ಅಮೆರಿಕ, ಕೆನಡಾ ಸೇರಿದ ಇಡೀ ಪ್ರಪಂಚ, ಅವೆರಡನ್ನೂ ಬಿಟ್ಟ ಪ್ರಪಂಚ, ಬರೀ ಏಷ್ಯಾ. ಏಷ್ಯಾ ಪ್ಲಾನ್ ತುಂಬಾ ಅಗ್ಗ, ಆದರೆ ಎಷ್ಟೋ ಏಷ್ಯಾ ಪ್ಲಾನ್‌ಗಳಲ್ಲಿ ಜಪಾನ್ ಇರುವುದಿಲ್ಲ. ಜಪಾನ್ ಏಷ್ಯಾದಲ್ಲಿ ಇಲ್ವಾ ಅಂತ ನಗು ಬರುತ್ತದೆ, ಆದರೆ ಇನ್ಶೂರೆನ್ಸ್‌ನವರ ಭೂಪಟ ಆಸ್ಪತ್ರೆ ಖರ್ಚು ನೋಡಿ ಬರೆದಿದ್ದು. ಚೆರ್ರಿ ಹೂವು ನೋಡಲು ಟೋಕಿಯೋಗೆ ಹೊರಡುವವರು ದೇಶಗಳ ಪಟ್ಟಿ ಒಮ್ಮೆ ತೆಗೆದು ನೋಡಿ. ಈ ಮೂರು ವರ್ಷದಲ್ಲಿ ಅಮೆರಿಕದ ಕಡೆ ತಲೆಯೂ ಹಾಕದವರು ಅಮೆರಿಕ ಸೇರಿಸಿದ ಪ್ಲಾನ್‌ಗೆ ದುಡ್ಡು ಸುರಿಯುವುದೂ ದಂಡವೇ.

ಸರಿ, ಕವರ್ ಮೊತ್ತ ಎಷ್ಟಿರಬೇಕು? ಷೆಂಗೆನ್ ವೀಸಾ, ಅಂದರೆ ಯುರೋಪಿನ 29 ದೇಶಗಳಿಗೆ ನಡೆಯುವ ಒಂದೇ ವೀಸಾಗೆ, ಕನಿಷ್ಠ 30,000 ಯುರೋ ವೈದ್ಯಕೀಯ ಕವರ್ ಇರಲೇಬೇಕು, ಅದು ಆ ಎಲ್ಲ ದೇಶಗಳಲ್ಲೂ ನಡೆಯಬೇಕು. ನಮ್ಮ ಲೆಕ್ಕದಲ್ಲಿ ಅದು ಸುಮಾರು 30 ಲಕ್ಷ ರೂಪಾಯಿ. ವೀಸಾ ಸಿಗಲಿ ಅಂತ ಬರೀ ಅಷ್ಟಕ್ಕೆ ತಗೊಳ್ಳುವವರೇ ಜಾಸ್ತಿ. ಯುರೋಪಿಗೆ ಅದು ಪರವಾಗಿಲ್ಲ ಅನ್ನೋಣ. ಅಮೆರಿಕದಲ್ಲಿ ಎರಡು ದಿನ ಆಸ್ಪತ್ರೆಯಲ್ಲಿದ್ದರೆ ಬಿಲ್ ಹತ್ತಾರು ಸಾವಿರ ಡಾಲರ್ ಮುಟ್ಟಬಹುದು. ಅಲ್ಲಿಗೆ 50,000 ಡಾಲರ್ ಕವರ್ ನನಗೆ ಸಾಕು ಅನ್ನಿಸುವುದಿಲ್ಲ. ಎರಡೂವರೆ ಲಕ್ಷ, ಐದು ಲಕ್ಷ ಡಾಲರ್‌ಗೆ ಏರಿಸಿದರೆ ಪ್ರೀಮಿಯಂ ಐದು ಪಟ್ಟು, ಹತ್ತು ಪಟ್ಟು ಆಗುವುದಿಲ್ಲ, ಸ್ವಲ್ಪ ಏರುತ್ತದೆ ಅಷ್ಟೇ. ನನ್ನ ಪ್ರಕಾರ ಈ ಇಡೀ ವ್ಯವಹಾರದಲ್ಲಿ ಕೊಟ್ಟ ಕಾಸಿಗೆ ನಿಜವಾಗಿ ಬೆಲೆ ಬರುವುದು ಇಲ್ಲೇ.

ಷೆಂಗೆನ್ ವಿಚಾರ ಬಂದಿದ್ದಕ್ಕೆ ಇನ್ನೊಂದು. ಹಲವು ಸಲ ಹೋಗಿ ಬರಬಹುದಾದ ಮಲ್ಟಿಪಲ್ ಎಂಟ್ರಿ ವೀಸಾಗೆ ಅರ್ಜಿ ಹಾಕುವವರು ಮೊದಲ ಪ್ರವಾಸದ ದಿನಗಳಿಗೆ ಮಾತ್ರ ಇನ್ಶೂರೆನ್ಸ್ ತೋರಿಸಿದರೆ ಸಾಕು. ಮುಂದಿನ ಪ್ರವಾಸಗಳಿಗೆ ನಾನೇ ಮಾಡಿಸಿಕೊಳ್ಳುತ್ತೇನೆ ಅಂತ ಅರ್ಜಿಯಲ್ಲೇ ಒಂದು ಸಹಿ ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗೆ ನಿಯಮ ಸಡಿಲವಾಯಿತು. ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ವೀಸಾ, ಪಾಸ್‌ಪೋರ್ಟ್ ಅವಧಿ ಇದ್ದರೆ ಆಮೇಲೆ ಐದು ವರ್ಷದ್ದು ಸಿಗುವಂತಾಗಿದೆ. ವೀಸಾ ಕೈಯಲ್ಲಿದೆ ಅಂದಮೇಲೆ ಇನ್ಶೂರೆನ್ಸ್ ಮಾಡಿಸಿ ಅಂತ ಯಾರೂ ಬೆನ್ನು ಹತ್ತುವುದಿಲ್ಲ. ಎಷ್ಟೋ ಜನ ಎರಡನೇ ಸಲ ಇನ್ಶೂರೆನ್ಸ್ ಇಲ್ಲದೇ ಹೊರಟುಬಿಡುತ್ತಾರೆ. ಮರೆವು ಜಾಸ್ತಿ ಇರುವವರಿಗೆ, ದಿಢೀರ್ ಅಂತ ಟಿಕೆಟ್ ತೆಗೆಯುವವರಿಗೆ, ವರ್ಷದ ಪಾಲಿಸಿಯಿಂದ ಆಗುವ ದೊಡ್ಡ ಉಪಕಾರ ಇದು. ರೂಪಾಯಿಯಲ್ಲಿ ಸ್ವಲ್ಪ ನಷ್ಟವಾದರೂ ಅಂಥವರಿಗೆ ನಾನು ಅದನ್ನೇ ಹೇಳುತ್ತೇನೆ.

ಈಗ ಅಮ್ಮನ ಪಾಲಿಸಿಗೆ ಬರೋಣ. ಅಮ್ಮನಿಗೆ ಅರವತ್ತು ದಾಟಿದೆ, ಬಿಪಿ ಇದೆ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಲಕ್ಷ ಡಾಲರ್ ಅಂತ ಇತ್ತು. ಪಾಲಿಸಿ ವರ್ಡಿಂಗ್ ಅನ್ನುವ ಉದ್ದದ ಪಿಡಿಎಫ್ ತೆಗೆದು ಕೆಳಗೆ ಹೋದರೆ ಸಣ್ಣ ಅಕ್ಷರದ ಒಂದು ಟೇಬಲ್. ಆಸ್ಪತ್ರೆ ರೂಮಿಗೆ ದಿನಕ್ಕೆ ಇಷ್ಟು, ಐಸಿಯುಗೆ ಇಷ್ಟು, ಆಪರೇಷನ್‌ಗೆ ಇಷ್ಟು, ಅರಿವಳಿಕೆ ಡಾಕ್ಟರಿಗೆ ಇಷ್ಟು, ಆಂಬುಲೆನ್ಸ್‌ಗೆ ಇಷ್ಟು ಅಂತ ಒಂದೊಂದಕ್ಕೂ ಮಿತಿ. ಇದಕ್ಕೆ ಸಬ್ ಲಿಮಿಟ್ ಅನ್ನುತ್ತಾರೆ. ಅಷ್ಟನ್ನೂ ಕೂಡಿಸಿದರೂ ಒಂದು ಲಕ್ಷದ ಹತ್ತಿರಕ್ಕೂ ಬರುವುದಿಲ್ಲ. ವಯಸ್ಸಾದವರ ಪ್ಲಾನ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಸಬ್ ಲಿಮಿಟ್ ಇಲ್ಲದ ಪ್ಲಾನ್ ಸಿಗುತ್ತದೆ, ಬೆಲೆ ಜಾಸ್ತಿ. ಕಾಸಿಗೆ ತಕ್ಕ ಕಜ್ಜಾಯ. ಬಿಪಿ, ಶುಗರ್ ಇದ್ದರೆ ಅರ್ಜಿಯಲ್ಲಿ ಮುಚ್ಚಿಡದೇ ಬರೆಯಬೇಕು, ಬರೆದರೂ ಹಳೇ ಕಾಯಿಲೆಗೆ ಸಾಮಾನ್ಯವಾಗಿ ಜೀವಕ್ಕೆ ಅಪಾಯ ಇರುವ ತುರ್ತು ಚಿಕಿತ್ಸೆಗೆ ಮಾತ್ರ, ಅದೂ ಒಂದು ಮಿತಿಯೊಳಗೆ ಕೊಡುತ್ತಾರೆ. ಬರೆಯದೇ ಇದ್ದರೆ ಅದೂ ಇಲ್ಲ.

ವರ್ಷದ ಪಾಲಿಸಿಯಲ್ಲಿ ಇನ್ನೆರಡು ಕಡೆ ಕಣ್ಣಿಡಬೇಕು. ಬರೆದಿರುವ ಮೊತ್ತ ಪ್ರತಿ ಪ್ರವಾಸಕ್ಕೂ ಹೊಸದಾಗಿ ಸಿಗುತ್ತದಾ, ಇಲ್ಲ ಇಡೀ ವರ್ಷಕ್ಕೆ ಸೇರಿ ಅಷ್ಟೇನಾ? ಮಾರ್ಚ್‌ನಲ್ಲಿ ಅರ್ಧ ಖಾಲಿಯಾದರೆ ಅಕ್ಟೋಬರ್‌ಗೆ ಉಳಿಯುವುದು ಅರ್ಧವೇ ಅಂತಾದರೆ ಮೊತ್ತ ಜಾಸ್ತಿ ಇರುವುದನ್ನೇ ಹಿಡಿಯಬೇಕು. ಎರಡನೆಯದು, ಮೊದಲ ಪ್ರವಾಸದಲ್ಲಿ ಕಿಡ್ನಿ ಕಲ್ಲಿಗೆ ಚಿಕಿತ್ಸೆ ಪಡೆದರೆ ಮುಂದಿನ ಪ್ರವಾಸದಲ್ಲಿ ಅದನ್ನು ಹಳೇ ಕಾಯಿಲೆ ಅಂತ ಪಕ್ಕಕ್ಕಿಡುವ ಪಾಲಿಸಿಗಳಿವೆ. ಪಾಲಿಸಿ ಅದೇ, ವರ್ಷವೂ ಅದೇ, ಆದರೂ ಹಾಗೇ.

ಉಳಿದ ಸಾಲುಗಳೆಲ್ಲ ಒಗ್ಗರಣೆ. ವಿಮಾನ ಅಪಹರಣವಾದರೆ ಗಂಟೆಗಿಷ್ಟು, ದಿನಕ್ಕಿಷ್ಟು ಅಂತ ಪರಿಹಾರ ಬರೆದಿರುವ ಸಾಲು ಹೆಚ್ಚುಕಮ್ಮಿ ಎಲ್ಲ ಪ್ಲಾನ್‌ಗಳಲ್ಲೂ ಇರುತ್ತದೆ, ಅದನ್ನು ಓದುವಾಗೆಲ್ಲ ಇದನ್ನು ನೋಡಿ ಪ್ಲಾನ್ ಆರಿಸಿದ ಪುಣ್ಯಾತ್ಮ ಯಾರಪ್ಪಾ ಅನ್ನಿಸುತ್ತದೆ. ಬ್ಯಾಗೇಜ್ ವಿಷಯದಲ್ಲಿ ಮಾತ್ರ ಸ್ವಲ್ಪ ತಿಳಿದಿರಲಿ. ಬ್ಯಾಗ್ ಕಳೆದುಹೋದರೆ, ತಡವಾದರೆ ಮೊದಲ ಜವಾಬ್ದಾರಿ ವಿಮಾನದವರದ್ದು. ವಿಮಾನಯಾನದ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಒಬ್ಬ ಪ್ರಯಾಣಿಕನಿಗೆ ಅವರು ಕೊಡಬೇಕಾದ ಗರಿಷ್ಠ ಮೊತ್ತ 2024ರ ಡಿಸೆಂಬರ್ 28ರಿಂದ 1,288 ಎಸ್‌ಡಿಆರ್‌ನಿಂದ (ಐಎಂಎಫ್‌ನ ಲೆಕ್ಕದ ಹಣ) 1,519ಕ್ಕೆ ಏರಿದೆ, ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಜಾಸ್ತಿ. ಇನ್ಶೂರೆನ್ಸ್‌ನಲ್ಲಿ ಬ್ಯಾಗ್‌ಗೆ ಸಿಗುವುದು ಎಷ್ಟೋ ಸಲ ಇದಕ್ಕಿಂತ ಕಮ್ಮಿ. ಬ್ಯಾಗೇಜ್ ಕವರ್ ದೊಡ್ಡದಿದೆ ಅಂತ ಪ್ಲಾನ್ ಆರಿಸುವುದು ನನಗಂತೂ ಅರ್ಥವಾಗದ ಮಾತು.

ತಮ್ಮನಿಗೆ ಒಂದು ಸಲ ಹೀಗೇ ಆಯಿತು. ಫ್ರಾಂಕ್‌ಫರ್ಟ್‌ನಲ್ಲಿ ಇವನು ವಿಮಾನ ಹತ್ತಿದ, ಸೂಟ್‌ಕೇಸ್ ಹತ್ತಲಿಲ್ಲ. ಎಕ್ಸಿಬಿಷನ್‌ಗೆ ಹಾಕಿಕೊಳ್ಳಬೇಕಾದ ಕೋಟು, ಶೂಸ್ ಎಲ್ಲ ಅದರಲ್ಲೇ. ಏರ್‌ಪೋರ್ಟ್‌ನಲ್ಲಿ ಬ್ಯಾಗ್ ಬರುವ ಬೆಲ್ಟ್ ಪಕ್ಕದ ಕೌಂಟರ್‌ನಲ್ಲಿ ಪಿಐಆರ್ ಅನ್ನುವ ಒಂದು ಚೀಟಿ ಬರೆದು ಕೊಡುತ್ತಾರೆ, ಬ್ಯಾಗ್ ಬಂದಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಅದನ್ನೂ ಅಲ್ಲಿ ಬಟ್ಟೆ ಕೊಂಡ ಅಂಗಡಿಯ ಬಿಲ್‌ಗಳನ್ನೂ ಜೋಪಾನವಾಗಿ ತಂದಿದ್ದ. ಆದರೂ ಇನ್ಶೂರೆನ್ಸ್ ಕಂಪನಿಯವರು ವಾರಗಟ್ಟಲೆ ಸತಾಯಿಸಿದರು. ಕಳಿಸಿದ ಕಾಗದವನ್ನೇ ಮತ್ತೆ ಮತ್ತೆ ಕೇಳುವುದು, ಫೋನ್ ಮಾಡಿದರೆ ಪ್ರತಿ ಸಲ ಹೊಸಬರು ಎತ್ತಿ ಮೊದಲಿಂದ ಕತೆ ಕೇಳುವುದು. ಕೊನೆಗೆ ಅವರ ದೂರು ಅಧಿಕಾರಿಗೆ ತಾರೀಕು ಸಮೇತ ಮೇಲ್ ಹಾಕಿದ ಮೇಲೆ ದುಡ್ಡು ಬಂತು, ಅದರಲ್ಲೂ ಡಿಡಕ್ಟಿಬಲ್, ಅಂದರೆ ನಾವೇ ಭರಿಸಬೇಕಾದ ಪಾಲು ಅಂತ ಒಂದಷ್ಟು ಕಳೆದು. ಹಲವು ಪಾಲಿಸಿಗಳಲ್ಲಿ ವಾಪಸ್ ಬೆಂಗಳೂರಿಗೆ ಬರುವಾಗ ಬ್ಯಾಗ್ ತಡವಾದರೆ ಏನೂ ಕೊಡುವುದಿಲ್ಲ, ಮನೆಯಲ್ಲಿ ನಿಮ್ಮ ಬಟ್ಟೆ ಇದೆಯಲ್ಲ ಅನ್ನುವುದು ಅವರ ವಾದ. ಅದು ನ್ಯಾಯವೇ ಬಿಡಿ.

ಕೊಳ್ಳುವ ಜಾಗ? ಟಿಕೆಟ್ ಬುಕ್ ಮಾಡುವ ಪುಟದಲ್ಲಿ ನೂರಿನ್ನೂರು ರೂಪಾಯಿಗೆ ಸಿಗುವ ಇನ್ಶೂರೆನ್ಸ್‌ನಲ್ಲಿ ಆಸ್ಪತ್ರೆ ಖರ್ಚು ಎಷ್ಟಿದೆ ಅಂತ ನೋಡದೇ ಟಿಕ್ ಹಾಕಬೇಡಿ. ಕೇಳದೇ ತಾನೇ ಟಿಕ್ ಆಗಿ ಬಿಲ್‌ಗೆ ಸೇರಿದ್ದರೆ ಅದು ತಪ್ಪು, ಗಿರಾಕಿಗಳನ್ನು ಯಾಮಾರಿಸುವ ಆನ್‌ಲೈನ್ ತಂತ್ರಗಳ ವಿರುದ್ಧದ 2023ರ ಡಾರ್ಕ್ ಪ್ಯಾಟರ್ನ್ ನಿಯಮಗಳಲ್ಲಿ ಇದಕ್ಕೆ ನಿಷೇಧ ಇದೆ. ಹೋಲಿಸಿ ತೋರಿಸುವ ಸೈಟ್‌ಗಳಲ್ಲಿ ನಾಲ್ಕೈದು ಪ್ಲಾನ್ ನೋಡಿ, ಇಷ್ಟವಾದದ್ದರ ವರ್ಡಿಂಗ್ ಅನ್ನು ಕಂಪನಿಯ ಸೈಟ್‌ನಲ್ಲೇ ಇಳಿಸಿಕೊಂಡು ಓದಿ. ಆಫೀಸಿನ ಗ್ರೂಪ್ ಮೆಡಿಕ್ಲೇಮ್ ಸಾಮಾನ್ಯವಾಗಿ ದೇಶದ ಗಡಿಯಲ್ಲೇ ನಿಲ್ಲುತ್ತದೆ. ಕ್ರೆಡಿಟ್ ಕಾರ್ಡ್‌ನ ಕವರ್ ಹೆಚ್ಚಾಗಿ ವಿಮಾನ ಅಪಘಾತಕ್ಕೆ, ಜ್ವರ ಬಂದರೆ ಅದು ಕೆಲಸಕ್ಕೆ ಬರುವುದಿಲ್ಲ. ಆಫೀಸಿನವರೇ ಟ್ರಾವೆಲ್ ಪಾಲಿಸಿ ಕೊಡಿಸುತ್ತಿದ್ದರೆ ಆಫೀಸ್ ಪ್ರವಾಸಗಳನ್ನು ಲೆಕ್ಕದಿಂದ ತೆಗೆದುಹಾಕಿ, ಉಳಿದ ಸ್ವಂತ ಓಡಾಟಕ್ಕೆ ವರ್ಷದ್ದು ಬೇಕಾ ಅಂತ ಯೋಚಿಸಿ.

ಶುರುವಾಗುವ ದಿನಾಂಕವನ್ನು ಕೊಂಡ ದಿನಕ್ಕೆ ಹಾಕಬೇಡಿ, ಮೊದಲ ಪ್ರವಾಸ ಹೊರಡುವ ದಿನಕ್ಕೆ ಹಾಕಿ. ಜನವರಿಯಲ್ಲಿ ಕೊಂಡು ಏಪ್ರಿಲ್‌ನಲ್ಲಿ ಹೊರಟರೆ ಮೂರು ತಿಂಗಳು ಸುಮ್ನೆ ಹೋಯಿತು, ಅಲ್ವಾ? ಭಾರತದಲ್ಲಿ ಇರುವಾಗಲೇ ಕೊಂಡುಬಿಡಿ, ವಿಮಾನ ಇಳಿದ ಮೇಲೆ ಇಲ್ಲಿಯ ಕಂಪನಿಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಅವರ ತುರ್ತು ಸಹಾಯದ ನಂಬರ್ ಅನ್ನು ಜೊತೆಗೆ ಬರುವವರ ಫೋನ್‌ಗೂ ಹಾಕಿಡಿ, ಆಸ್ಪತ್ರೆಗೆ ಸೇರಿದ ಕೂಡಲೇ ಅಲ್ಲಿಗೆ ತಿಳಿಸಿದರೆ ಕ್ಯಾಶ್‌ಲೆಸ್ ಆಗುವ ದಾರಿ ಸುಲಭ.

ಇಷ್ಟೆಲ್ಲ ಮಾಡಿಯೂ ಕ್ಲೇಮ್ ಕೊಡದೇ ಇದ್ದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನ ಕಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ಬೆಂಗಳೂರಿನ ಜೆಪಿ ನಗರ ಒಂದನೇ ಹಂತದ ಜೀವನ್ ಸೌಧದಲ್ಲಿ ಇಂಥ ದೂರು ಕೇಳಿ ತೀರ್ಮಾನಿಸುವ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಕಚೇರಿ ಇದೆ. ಕರ್ನಾಟಕದವರಿಗೆಲ್ಲ ಅದೇ. ವಕೀಲರು ಬೇಡ, ಶುಲ್ಕ ಇಲ್ಲ, 50 ಲಕ್ಷ ರೂಪಾಯಿವರೆಗಿನ ತಕರಾರು ನೋಡುತ್ತಾರೆ. ಆದರೆ ಕಂಪನಿ ಆಗಲ್ಲ ಅಂದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು.